ಜೆ.ಸಿ.ಬಿ. ಯಂತ್ರದ ಹೈಡ್ರಾಲಿಕ್ ಬ್ರೇಕು: ಆರೈಕೆ ಮತ್ತು ದೋಷ ನಿವಾರಣೆ



ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಇಂದು ಮಣ್ಣಿನ ಕೆಲಸವೆಂದರೆ ಜೆ.ಸಿ.ಬಿ. ಎನ್ನುವಂತಾಗಿದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ ಸಮ ಮಾಡುವುದು, ಬದು ಒಡೆದು ಕಟ್ಟುವುದು, ಬಸಿಗಾಲುವೆ ತೋಡುವುದು, ಕೆರೆಯ ಹೂಳನ್ನು ಟ್ರೇಲರಿಗೆ ತುಂಬುವುದು, ಆಲೆಮನೆಯ ಮುಂದೆ ಕಬ್ಬಿನ ಸಿಪ್ಪೆ ರಾಶಿ ಹಾಕುವುದು, ಮಳವಳ್ಳಿ ಕಡೆಯ ಖುಷ್ಕಿ ಜಮೀನಿನಲ್ಲಿ ಕೃಷಿ ಹೊಂಡ ತೆಗೆಯುವುದು ಇವೆಲ್ಲವೂ ಈ ಒಂದೇ ಯಂತ್ರದಿಂದ ಆಗುತ್ತಿವೆ. ಮುಂದೆ ಮಣ್ಣು ಬಾಚುವ ಬಕೆಟ್ಟು, ಹಿಂದೆ ತೋಡುವ ತೋಳು ಇರುವ ಈ ಯಂತ್ರಕ್ಕೆ ಆ ಹೆಸರು ಬಂದದ್ದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬುವರು 1945ರಲ್ಲಿ ಇಂಗ್ಲೆಂಡಿನಲ್ಲಿ ಆರಂಭಿಸಿದ ಕಂಪನಿಯಿಂದ. ಆ ಕಂಪನಿಯ ಯಂತ್ರಗಳು 1979ರಿಂದ ಭಾರತದಲ್ಲಿಯೂ ತಯಾರಾಗುತ್ತಿವೆ. ಬೇರೆ ಕಂಪನಿಗಳ ಇಂಥ ಯಂತ್ರಗಳನ್ನೂ ಜನ ಅದೇ ಹೆಸರಿನಿಂದ ಕರೆಯುವುದರಿಂದ, ಈ ಭಾಷಣದಲ್ಲಿಯೂ ಆ ಮಾತನ್ನು ಸಾಮಾನ್ಯಾರ್ಥದಲ್ಲಿಯೇ ಬಳಸಲಾಗಿದೆ.

ಈ ಯಂತ್ರದ ಎಂಜಿನ್ನು, ಬಕೆಟ್ಟು, ಹಲ್ಲುಗಳು, ಟೈರುಗಳ ಬಗ್ಗೆ ಮಾಲೀಕರು ತೋರುವ ಕಾಳಜಿಯಲ್ಲಿ ಅರ್ಧವನ್ನೂ ಬ್ರೇಕಿನ ಬಗ್ಗೆ ತೋರುವುದಿಲ್ಲ. ಬ್ರೇಕು ಕೆಟ್ಟರೂ ಯಂತ್ರ ತೋಡುತ್ತದೆ, ಬಾಡಿಗೆ ಬರುತ್ತದೆ. ಆದ್ದರಿಂದ ದುರಸ್ತಿ ಮುಂದಕ್ಕೆ ಹೋಗುತ್ತದೆ. ನಾಲೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಹೂಳೆತ್ತುವ ಕೆಲಸ ಮುಗಿಯಬೇಕು, ನೀರು ಬಿಡುವ ಮೊದಲು ಗದ್ದೆ ಸಮವಾಗಬೇಕು ಎಂಬ ಅವಸರದಲ್ಲಿ ಇದು ಇನ್ನೂ ಹೆಚ್ಚು. ಆದರೆ ಈ ಸೀಮೆಯಲ್ಲಿ ಯಂತ್ರ ಓಡಾಡುವ ಜಾಗವೇ ನಾಲೆಯ ಏರಿ, ಕೆರೆಯ ಕಟ್ಟೆ, ಊರೊಳಗಿನ ಕಿರಿದಾದ ಬೀದಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಅದಕ್ಕೂ ಈ ಯಂತ್ರಗಳಿಗೂ ಸಂಬಂಧವಿಲ್ಲ. ಆದರೆ ನಾಲೆಯ ಅಂಚು ಯಾವ ವಾಹನದ ತಪ್ಪನ್ನೂ ಮನ್ನಿಸುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದೇ. ಹೈಡ್ರಾಲಿಕ್ ಬ್ರೇಕು ಮುನ್ಸೂಚನೆಯಿಲ್ಲದೆ ಕೆಡುವುದು ಅಪರೂಪ. ಪೆಡಲಿನ ಮೂಲಕ, ಎಣ್ಣೆಯ ಮಟ್ಟದ ಮೂಲಕ, ಯಂತ್ರ ಒಂದು ಕಡೆಗೆ ಎಳೆಯುವುದರ ಮೂಲಕ ಅದು ಮೊದಲೇ ತಿಳಿಸುತ್ತದೆ. ಆ ಸೂಚನೆಯನ್ನು ಗುರುತಿಸಿ ಅಂದೇ ಯಂತ್ರವನ್ನು ನಿಲ್ಲಿಸುವವನು ಜಾಣ.

ಬ್ರೇಕು ಕೆಲಸ ಮಾಡುವ ಬಗೆ

ಎತ್ತಿನ ಗಾಡಿಯನ್ನು ಇಳಿಜಾರಿನಲ್ಲಿ ತಡೆಯಲು ಚಕ್ರಕ್ಕೆ ಮರದ ತುಂಡನ್ನು ಒತ್ತಿ ಹಿಡಿಯುತ್ತಾರೆ. ಎಲ್ಲ ಬ್ರೇಕುಗಳ ತತ್ವವೂ ಅದೇ. ಆದರೆ ಏಳೆಂಟು ಟನ್ ತೂಗುವ ಯಂತ್ರವನ್ನು ತಡೆಯಲು ಮನುಷ್ಯನ ಕಾಲಿನ ಬಲ ಸಾಲದು. ಆ ಬಲವನ್ನು ಹೆಚ್ಚಿಸುವುದಕ್ಕೆ ಎಣ್ಣೆಯನ್ನು ಉಪಯೋಗಿಸಲಾಗುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಸಣ್ಣ ಪಿಸ್ಟನ್ನು ಎಣ್ಣೆಯನ್ನು ತಳ್ಳುತ್ತದೆ. ಎಣ್ಣೆಯ ಒತ್ತಡ ಪೈಪಿನ ಮೂಲಕ ಎಲ್ಲ ಕಡೆಗೂ ಸಮನಾಗಿ ಹರಡಿ, ಆಕ್ಸಲಿನಲ್ಲಿರುವ ದೊಡ್ಡ ಪಿಸ್ಟನ್ನನ್ನು ಒತ್ತುತ್ತದೆ. ಉದಾಹರಣೆಗೆ, ಕಾಲಿನಿಂದ 30 ಕಿಲೋ ಬಲ ಹಾಕಿದರೆ ಪೆಡಲಿನ ಸನ್ನೆಯಿಂದ ಅದು ಐದು ಪಟ್ಟಾಗಿ 150 ಕಿಲೋ ಆಗುತ್ತದೆ ಎಂದಿಟ್ಟುಕೊಳ್ಳಿ. ಆಕ್ಸಲಿನ ಪಿಸ್ಟನ್ನು ಹತ್ತು ಪಟ್ಟು ವಿಸ್ತಾರವಾಗಿದ್ದರೆ ಅಲ್ಲಿ 1500 ಕಿಲೋ ಬಲ ದೊರೆಯುತ್ತದೆ.

ಇದೆಲ್ಲ ನಡೆಯುವುದು ಎಣ್ಣೆ ಕುಗ್ಗುವುದಿಲ್ಲ ಎಂಬ ಒಂದೇ ಗುಣದಿಂದ. ಗಾಳಿ ಹಾಗಲ್ಲ, ಒತ್ತಿದರೆ ಕುಗ್ಗುತ್ತದೆ. ಬಾವಿಯ ಪಂಪಿನ ಹೀರು ಕೊಳವೆಯಲ್ಲಿ ಗಾಳಿ ಸೇರಿದರೆ ಮೋಟಾರು ತಿರುಗಿದರೂ ನೀರು ಮೇಲೆ ಬರುವುದಿಲ್ಲ. ಇದು ಪ್ರತಿಯೊಬ್ಬ ರೈತನ ಅನುಭವ. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೂ ಅಷ್ಟೇ. ಪೆಡಲ್ ಕೆಳಗೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ.

ಇನ್ನು ವೇಗದ ಮಾತು. ವೇಗ ಎರಡರಷ್ಟಾದರೆ ಬ್ರೇಕಿನ ಮೇಲೆ ಬೀಳುವ ಹೊರೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಏಳೂವರೆ ಟನ್ ಯಂತ್ರ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದಾಗ ಒಂದು ಸಲ ನಿಲ್ಲಿಸಿದರೆ ಹುಟ್ಟುವ ಶಾಖವು ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಅಲ್ಲದೆ, ಚಾಲಕ ಅಪಾಯವನ್ನು ಕಂಡು ಕಾಲೆತ್ತಿ ಪೆಡಲ್ ಒತ್ತುವ ಒಂದು ಸೆಕೆಂಡಿನಲ್ಲಿಯೇ ಯಂತ್ರ 11 ಮೀಟರ್, ಅಂದರೆ 36 ಅಡಿ ಮುಂದೆ ಹೋಗಿರುತ್ತದೆ.

ಎರಡು ಪೆಡಲುಗಳು, ಒಂದು ಚಿಲಕ

ಹೆಚ್ಚಿನ ಜೆ.ಸಿ.ಬಿ.ಗಳಲ್ಲಿ ಟ್ರ್ಯಾಕ್ಟರಿನಂತೆಯೇ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿವೆ. ಇವು ಹಿಂದಿನ ಆಕ್ಸಲಿನ ಬ್ರೇಕುಗಳನ್ನು ನಡೆಸುತ್ತವೆ. ಗದ್ದೆಯಲ್ಲಿ ಕಿರಿದಾದ ಜಾಗದಲ್ಲಿ ತಿರುಗಿಸಲು ಒಂದೊಂದೇ ಪೆಡಲನ್ನು ಒತ್ತಬಹುದು. ಆದರೆ ರಸ್ತೆಗೆ ಇಳಿಯುವ ಮೊದಲು ಎರಡೂ ಪೆಡಲುಗಳನ್ನು ಚಿಲಕದಿಂದ ಜೋಡಿಸತಕ್ಕದ್ದು. ಜೋಡಿಸದೆ ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಯಂತ್ರ ಆ ಕಡೆಗೆ ತಟ್ಟನೆ ತಿರುಗಿ ಮಗುಚುವ ಸಂಭವವಿದೆ.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರು, ಆಟೋ, ದ್ವಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ನಿಧಾನವಾಗಿ ಚಲಿಸುವ ವಾಹನಗಳೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಬಂದಿವೆ. ಮದ್ದೂರಿನ ಆಸುಪಾಸಿನಲ್ಲಿ ಶಾಲೆಯ ಮಕ್ಕಳು, ಸೈಕಲ್ಲು, ಕಬ್ಬಿನ ಟ್ರೇಲರುಗಳ ನಡುವೆ ಸಾಗುವ ಭಾರಿ ಯಂತ್ರದ ಪೆಡಲುಗಳು ಜೋಡಿಯಾಗಿರಲೇಬೇಕು.

ಎಣ್ಣೆಯ ಆಯ್ಕೆ: ಎಲ್ಲಕ್ಕಿಂತ ಮುಖ್ಯ

ಹೈಡ್ರಾಲಿಕ್ ಎಂಬ ಒಂದೇ ಮಾತಿನಿಂದ ಹಲವರು ಗೊಂದಲಕ್ಕೆ ಒಳಗಾಗುತ್ತಾರೆ. ಬಕೆಟ್ಟನ್ನು ಎತ್ತುವ ಹೈಡ್ರಾಲಿಕ್ ಎಣ್ಣೆ ಬೇರೆ, ಆಕ್ಸಲಿನೊಳಗಿನ ಎಣ್ಣೆ ಬೇರೆ, ಬ್ರೇಕಿನ ಎಣ್ಣೆ ಬೇರೆ. ಬ್ರೇಕಿಗೆ ಪ್ರತ್ಯೇಕವಾದ ಚಿಕ್ಕ ಡಬ್ಬಿ ಇರುತ್ತದೆ. ಆ ಡಬ್ಬಿಗೆ ಹಾಕುವ ಎಣ್ಣೆಯಲ್ಲಿಯೂ ಎರಡು ಜಾತಿಗಳಿವೆ.

ಮೊದಲನೆಯದು ಕಾರು, ಲಾರಿಗಳಿಗೆ ಬಳಸುವ ಡಾಟ್ 3, ಡಾಟ್ 4 ಎಂಬ ಬ್ರೇಕ್ ಎಣ್ಣೆ. ಇದು ಗ್ಲೈಕಾಲ್ ಜಾತಿಯದು. ಎರಡನೆಯದು ತೆಳುವಾದ ಖನಿಜ ಎಣ್ಣೆ. ಹಲವು ಜೆ.ಸಿ.ಬಿ.ಗಳ ಬ್ರೇಕು ಈ ಎರಡನೆಯ ಎಣ್ಣೆಗಾಗಿಯೇ ರಚಿತವಾಗಿದೆ. ಅದರೊಳಗಿನ ರಬ್ಬರ್ ಸೀಲುಗಳು ಖನಿಜ ಎಣ್ಣೆಗೆ ಒಗ್ಗುವಂಥವು. ಅಂಥ ಯಂತ್ರಕ್ಕೆ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು ಕಾರಿನ ಬ್ರೇಕ್ ಎಣ್ಣೆಯನ್ನು ಸುರಿದರೆ ಸೀಲುಗಳು ಕೆಡುತ್ತವೆ. ಡಾಟ್ ಎಣ್ಣೆಗಾಗಿ ರಚಿತವಾದ ಬ್ರೇಕಿಗೆ ಖನಿಜ ಎಣ್ಣೆ ಹಾಕಿದರೂ ಸೀಲುಗಳು ಊದಿಕೊಂಡು ಕೆಡುತ್ತವೆ. ಎರಡನ್ನೂ ಬೆರೆಸುವುದಂತೂ ಎಂದಿಗೂ ಕೂಡದು. ಹಾನಿ ಅಂದೇ ಕಾಣುವುದಿಲ್ಲ. ಯಂತ್ರ ಕೆಲವು ದಿನ ಚೆನ್ನಾಗಿಯೇ ನಿಂತು, ಆಮೇಲೆ ಕೈಕೊಡುತ್ತದೆ.

ಆದ್ದರಿಂದ ಎಣ್ಣೆ ಹಾಕುವ ಮೊದಲು ಡಬ್ಬಿಯ ಮುಚ್ಚಳದ ಮೇಲಿನ ಬರಹವನ್ನೂ ಯಂತ್ರದ ಕೈಪಿಡಿಯನ್ನೂ ಓದಬೇಕು. ಮುಚ್ಚಳದ ಬರಹ ಅಳಿಸಿದ್ದರೆ ಕೈಪಿಡಿಯನ್ನು ನೋಡಿ, ಅಳಿಯದ ಬಣ್ಣದಿಂದ ಎಣ್ಣೆಯ ಹೆಸರನ್ನು ಡಬ್ಬಿಯ ಪಕ್ಕದಲ್ಲಿ ಕನ್ನಡದಲ್ಲಿಯೇ ಬರೆಯಿಸಿಡುವುದು ಒಳ್ಳೆಯ ಪದ್ಧತಿ. ಆಪರೇಟರುಗಳು ಬದಲಾಗುತ್ತಿರುತ್ತಾರೆ, ಬರಹ ಬದಲಾಗುವುದಿಲ್ಲ. ತಪ್ಪು ಎಣ್ಣೆ ಬಿದ್ದದ್ದು ಗೊತ್ತಾದರೆ ಪೆಡಲನ್ನು ಒತ್ತದೆ, ಯಂತ್ರವನ್ನು ಓಡಿಸದೆ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಬೇಕು. ಎಣ್ಣೆಯನ್ನೆಲ್ಲ ಬಸಿದು, ಪೈಪುಗಳನ್ನು ಸರಿಯಾದ ಎಣ್ಣೆಯಿಂದ ತೊಳೆದು, ರಬ್ಬರ್ ಭಾಗಗಳನ್ನು ಬದಲಾಯಿಸುವುದೊಂದೇ ದಾರಿ.

ಡಾಟ್ ಜಾತಿಯ ಎಣ್ಣೆಗೆ ಇನ್ನೊಂದು ದೋಷವುಂಟು. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಈ ಮಿತಿ 140 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕು ಕಾದು ಎಣ್ಣೆ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆವಿಯೂ ಗಾಳಿಯಂತೆ ಕುಗ್ಗುವುದರಿಂದ ಪೆಡಲ್ ಒಮ್ಮೆಗೇ ಕುಸಿಯುತ್ತದೆ. ಆದ್ದರಿಂದ ಈ ಜಾತಿಯ ಎಣ್ಣೆಯನ್ನು ಕೈಪಿಡಿಯ ಪ್ರಕಾರ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬದ ಎಣ್ಣೆಯನ್ನು ಬಳಸಬಾರದು.

ಬೆಳಗಿನ ಐದು ನಿಮಿಷ

ಹಾಲು ಕರೆಯುವ ಮೊದಲು ಹಸುವಿನ ಕೆಚ್ಚಲನ್ನು ನೋಡುವ ಹಾಗೆ, ಯಂತ್ರ ಚಾಲು ಮಾಡುವ ಮೊದಲು ಬ್ರೇಕನ್ನು ನೋಡುವುದು ರೂಢಿಯಾಗಬೇಕು.

1. ಡಬ್ಬಿಯ ಎಣ್ಣೆ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಇದೆಯೇ ನೋಡಿ. ಮುಚ್ಚಳ ತೆಗೆಯುವ ಮೊದಲು ಅದರ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ. ಒಂದು ಹರಳು ಮರಳು ಒಳಗೆ ಹೋದರೂ ಸೀಲನ್ನು ಗೀರಬಲ್ಲುದು.

2. ಪೈಪುಗಳು, ರಬ್ಬರ್ ಹೋಸುಗಳು, ಜೋಡಣೆಗಳ ಬಳಿ ಒದ್ದೆ ಇದೆಯೇ, ಒಣ ಧೂಳಿನ ನಡುವೆ ಕಪ್ಪು ಮಚ್ಚೆ ಇದೆಯೇ ಗಮನಿಸಿ. ಕಬ್ಬಿನ ತರಗು, ಹುಲ್ಲು, ಗೊಬ್ಬರದ ಚೀಲದ ದಾರ ಆಕ್ಸಲಿಗೆ ಸುತ್ತಿಕೊಂಡು ಪೈಪನ್ನು ಉಜ್ಜುತ್ತಿದ್ದರೆ ಬಿಡಿಸಿ ತೆಗೆಯಿರಿ. ಬಕೆಟ್ಟಿನ ಹೈಡ್ರಾಲಿಕ್ ಪೈಪುಗಳ ಸೋರಿಕೆಯನ್ನು ಮಾತ್ರ ಬರಿಗೈಯಿಂದ ಸವರಿ ಹುಡುಕಬೇಡಿ. ಅಲ್ಲಿನ ಒತ್ತಡಕ್ಕೆ ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಿ.

3. ಪೆಡಲುಗಳನ್ನು ಒತ್ತಿ ನೋಡಿ. ಆರಂಭದಲ್ಲಿ ಸ್ವಲ್ಪ ಸಡಿಲು ಇರಬೇಕು, ಆಮೇಲೆ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲಬೇಕು. ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿ. ಪೆಡಲ್ ಕೆಳಗೆ ಜಾರಬಾರದು.

4. ಪೆಡಲಿನ ಕೆಳಗೆ ಕಲ್ಲು, ಒಣಗಿದ ಕೆಸರು, ನೀರಿನ ಬಾಟಲಿ, ಸ್ಪ್ಯಾನರು ಇರದಂತೆ ನೋಡಿ. ಪೆಡಲಿನಡಿ ಸಿಕ್ಕಿದ ಒಂದು ಬಾಟಲಿ ಇಡೀ ಬ್ರೇಕನ್ನೇ ತಡೆಯಬಲ್ಲುದು.

5. ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹೋಗಿ ಎರಡೂ ಪೆಡಲುಗಳನ್ನು ಒತ್ತಿ. ಯಂತ್ರ ನೇರವಾಗಿ ನಿಲ್ಲಬೇಕು. ಹ್ಯಾಂಡ್ ಬ್ರೇಕನ್ನೂ ಪರೀಕ್ಷಿಸಿ.

ಎಣ್ಣೆ ಕಡಿಮೆಯಾದರೆ ಹಾಕಿ ಸುಮ್ಮನಾಗುವುದು ಸರಿಯಲ್ಲ. ಬ್ರೇಕ್ ಎಣ್ಣೆ ಎಂಜಿನ್ ಎಣ್ಣೆಯಂತೆ ಸುಡುವುದಿಲ್ಲ. ಬಿಲ್ಲೆಗಳು ಸವೆದಂತೆ ಮಟ್ಟ ತೀರ ನಿಧಾನವಾಗಿ ಇಳಿಯಬಹುದು. ವಾರಕ್ಕೊಮ್ಮೆ ಎಣ್ಣೆ ಬೇಡುವ ಬ್ರೇಕು ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ.

ಕೆಸರು ಮತ್ತು ನೀರು

ಈಗಿನ ಹೆಚ್ಚಿನ ಯಂತ್ರಗಳಲ್ಲಿ ಬ್ರೇಕಿನ ಬಿಲ್ಲೆಗಳು ಹಿಂದಿನ ಆಕ್ಸಲಿನೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಹೊರಗಿನ ಕೆಸರು ತಾಗದು ಎಂಬುದು ಇದರ ಲಾಭ. ಆದರೆ ನೀರು ಒಳಗೆ ಹೋಗಲು ಒಂದು ದಾರಿಯುಂಟು. ಆಕ್ಸಲಿನ ಮೇಲೆ ಗಾಳಿಯಾಡಲೆಂದು ಒಂದು ಚಿಕ್ಕ ರಂಧ್ರ, ಮೆಕ್ಯಾನಿಕ್ಕರು ಬ್ರೀದರ್ ಎನ್ನುವ ಭಾಗ, ಇರುತ್ತದೆ. ರಸ್ತೆಯಲ್ಲಿ ಓಡಿ ಬಿಸಿಯಾದ ಯಂತ್ರವನ್ನು ನೇರವಾಗಿ ನಾಲೆಯ ತಣ್ಣೀರಿಗೆ ಇಳಿಸಿದರೆ ಆಕ್ಸಲಿನೊಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಆ ರಂಧ್ರದ ಮೂಲಕವೂ ಸವೆದ ಸೀಲಿನ ಮೂಲಕವೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಕ್ಸಲಿನ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆ ಎಂದು ತಿಳಿಯಬೇಕು. ಆ ಎಣ್ಣೆಯನ್ನು ಬದಲಾಯಿಸದೆ ಓಡಿಸಿದರೆ ಬ್ರೇಕಿನ ಬಿಲ್ಲೆಗಳ ಜೊತೆಗೆ ಬೇರಿಂಗು, ಹಲ್ಲುಚಕ್ರಗಳೂ ಹಾಳಾಗುತ್ತವೆ.

ಆದ್ದರಿಂದ ಆಕ್ಸಲ್ ಮುಳುಗುವಷ್ಟು ನೀರಿಗೆ ಯಂತ್ರವನ್ನು ಇಳಿಸಬಾರದು. ಗದ್ದೆಯ ನೀರನ್ನು ಬಸಿದು, ನೆಲ ಗಟ್ಟಿಯಾದ ಮೇಲೆ ಯಂತ್ರ ಕರೆಸುವುದು ಬ್ರೇಕಿಗೂ ಒಳ್ಳೆಯದು, ಮಣ್ಣಿಗೂ ಒಳ್ಳೆಯದು. ಹಸಿ ನೆಲದ ಮೇಲೆ ಭಾರಿ ಯಂತ್ರ ಓಡಾಡಿದರೆ ಕೆಳಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಯ ಬೇರಿಗೆ ತೊಂದರೆಯಾಗುತ್ತದೆ. ಕೆಲಸ ಮುಗಿದ ಮೇಲೆ ಬ್ರೀದರ್ ಸುತ್ತಲಿನ ಕೆಸರನ್ನು ತೊಳೆಯಬೇಕು. ಹೊರಗಡೆ ಒಣ ಬ್ರೇಕು ಇರುವ ಹಳೆಯ ಯಂತ್ರಗಳಾದರೆ, ನೀರಿನಿಂದ ಹೊರಬಂದ ಮೇಲೆ ನಿಧಾನವಾಗಿ ಚಲಿಸುತ್ತ ಪೆಡಲನ್ನು ಹಗುರವಾಗಿ ಕೆಲವು ಸಲ ಒತ್ತಿ ಬ್ರೇಕನ್ನು ಒಣಗಿಸಿಕೊಂಡು, ಹಿಡಿಯುತ್ತದೆಂದು ಖಚಿತವಾದ ಮೇಲೆಯೇ ರಸ್ತೆಗೆ ಬರಬೇಕು.

ಆಕ್ಸಲಿಗೆ ಹಾಕುವ ಎಣ್ಣೆಯೂ ಕೈಪಿಡಿ ಹೇಳಿದ ದರ್ಜೆಯದೇ ಆಗಿರಬೇಕು. ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ ಒಗ್ಗುವ ವಿಶೇಷ ವಸ್ತುಗಳು ಅದರಲ್ಲಿರುತ್ತವೆ. ಬೇರೆ ಎಣ್ಣೆ ಹಾಕಿದರೆ ಬ್ರೇಕು ಒತ್ತಿದಾಗ ಕಿರುಗುಟ್ಟುವುದು, ಯಂತ್ರ ಅದುರುವುದು ಕಂಡುಬರುತ್ತದೆ.

ದೋಷದ ಲಕ್ಷಣ, ಕಾರಣ, ಪರಿಹಾರ

1. ಪೆಡಲ್ ಮೆತ್ತಗಾಗಿ, ಸ್ಪಂಜಿನಂತೆ ಅಮುಕಿದರೆ: ಪೈಪಿನಲ್ಲಿ ಗಾಳಿ ಸೇರಿದೆ. ಗಾಳಿ ತೆಗೆಯುವುದರ ಜೊತೆಗೆ ಅದು ಹೇಗೆ ಸೇರಿತೆಂಬುದನ್ನು ಪತ್ತೆ ಮಾಡಬೇಕು. ಡಬ್ಬಿ ಬರಿದಾಗಿತ್ತೋ, ಜೋಡಣೆ ಸಡಿಲವೋ ನೋಡಿ.

2. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗೆ ಜಾರಿದರೆ, ಆದರೆ ಎಲ್ಲಿಯೂ ಸೋರಿಕೆ ಕಾಣದಿದ್ದರೆ: ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು ಸವೆದಿರುವ ಸಂಭವ ಹೆಚ್ಚು. ಎಣ್ಣೆ ಪಿಸ್ಟನ್ನನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ. ಸೀಲುಗಳನ್ನು ಅಥವಾ ಸಿಲಿಂಡರನ್ನು ಬದಲಾಯಿಸಬೇಕು.

3. ಪೆಡಲ್ ಒಮ್ಮೆಗೇ ತಳಕ್ಕೆ ಹೋದರೆ: ಎಣ್ಣೆ ಖಾಲಿಯಾಗಿದೆ, ಅಥವಾ ಪೈಪು ಒಡೆದಿದೆ. ಯಂತ್ರ ಅಲ್ಲಿಂದ ಕದಲಬಾರದು.

4. ಎರಡು ಮೂರು ಸಲ ಒತ್ತಿದ ಮೇಲೆ ಮಾತ್ರ ಬ್ರೇಕು ಹಿಡಿದರೆ: ಬಿಲ್ಲೆಗಳು ಸವೆದಿರಬಹುದು, ಹೊಂದಾಣಿಕೆ ತಪ್ಪಿರಬಹುದು, ಅಥವಾ ಸ್ವಲ್ಪ ಗಾಳಿ ಸೇರಿರಬಹುದು. ಅನೇಕ ಆಪರೇಟರುಗಳು ಇದನ್ನು ಅಭ್ಯಾಸ ಮಾಡಿಕೊಂಡು ತಿಂಗಳುಗಟ್ಟಲೆ ಓಡಿಸುತ್ತಾರೆ. ಮಗುವೊಂದು ಅಡ್ಡ ಬಂದಾಗ ಮೂರು ಸಲ ಒತ್ತಲು ಸಮಯ ಸಿಗುವುದಿಲ್ಲ.

5. ಡಬ್ಬಿಯ ಎಣ್ಣೆ ಇಳಿಯುತ್ತಿದ್ದು ಹೊರಗೆ ಸೋರಿಕೆಯೇ ಕಾಣದಿದ್ದರೆ: ಆಕ್ಸಲಿನ ಎಣ್ಣೆಯ ಮಟ್ಟವನ್ನು ನೋಡಿ. ಅದು ಏರಿದ್ದರೆ, ಬ್ರೇಕ್ ಪಿಸ್ಟನ್ನಿನ ಸೀಲು ಹರಿದು ಬ್ರೇಕ್ ಎಣ್ಣೆ ಆಕ್ಸಲಿನೊಳಗೆ ಸೇರುತ್ತಿದೆ. ಇದು ಸುಲಭವಾಗಿ ಕಣ್ಣಿಗೆ ಬೀಳದ, ಆದರೆ ದುಬಾರಿಯಾದ ದೋಷ. ಆಕ್ಸಲ್ ಬಿಚ್ಚುವ ಕೆಲಸವಾದ್ದರಿಂದ ನುರಿತ ಮೆಕ್ಯಾನಿಕ್ಕರಿಂದಲೇ ಮಾಡಿಸಬೇಕು.

6. ಯಂತ್ರ ಒಂದು ಕಡೆಗೆ ಎಳೆದರೆ: ಪೆಡಲುಗಳ ಚಿಲಕ ಹಾಕಿದೆಯೇ, ಟೈರುಗಳ ಗಾಳಿ ಸಮನಾಗಿದೆಯೇ ಮೊದಲು ನೋಡಿ. ಅವು ಸರಿಯಿದ್ದರೆ ಒಂದು ಕಡೆಯ ಬ್ರೇಕಿನಲ್ಲಿ ಗಾಳಿ, ಸೋರಿಕೆ ಅಥವಾ ಸವಕಳಿ ಇದೆ.

7. ಪೆಡಲ್ ಗಟ್ಟಿಯಾಗಿದ್ದು ಬ್ರೇಕು ಹಿಡಿಯದಿದ್ದರೆ: ಪಿಸ್ಟನ್ನು ತುಕ್ಕು ಹಿಡಿದು ಅಂಟಿರಬಹುದು, ಹೋಸಿನ ಒಳಪದರ ಊದಿ ದಾರಿ ಮುಚ್ಚಿರಬಹುದು, ಅಥವಾ ಬಿಲ್ಲೆಗಳು ಕಾದು ಹೊಳಪುಗಟ್ಟಿರಬಹುದು.

8. ಪೆಡಲ್ ಬಿಟ್ಟ ಮೇಲೂ ಬ್ರೇಕು ಹಿಡಿದೇ ಇದ್ದು ಆಕ್ಸಲ್ ಕಾದರೆ: ಪೆಡಲಿಗೆ ಸಡಿಲು ಇಲ್ಲದಿರುವುದು ಸಾಮಾನ್ಯ ಕಾರಣ. ಸಡಿಲು ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ಡಬ್ಬಿಗೆ ಹಿಂದಿರುಗುವ ಸಣ್ಣ ರಂಧ್ರ ತೆರೆಯುವುದಿಲ್ಲ. ಊದಿದ ಹೋಸೂ ಎಣ್ಣೆಯನ್ನು ಹಿಂದಕ್ಕೆ ಬಿಡದಿರಬಹುದು. ಹ್ಯಾಂಡ್ ಬ್ರೇಕನ್ನು ಪೂರ್ತಿ ಬಿಟ್ಟಿದೆಯೇ ಎಂಬುದನ್ನೂ ನೋಡಿ.

"ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ" ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲುತ್ತದೆ. ಸಡಿಲವಾದ ಒಂದು ಜೋಡಣೆಯನ್ನು ಸಕಾಲದಲ್ಲಿ ಬಿಗಿ ಮಾಡಿಸದಿದ್ದರೆ ಕೊನೆಗೆ ಆಕ್ಸಲನ್ನೇ ಬಿಚ್ಚಬೇಕಾಗುತ್ತದೆ.

ಗಾಳಿ ತೆಗೆಯುವ ವಿಧಾನ

ಈ ಕೆಲಸಕ್ಕೆ ಇಬ್ಬರು ಬೇಕು. ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಬಕೆಟ್ಟನ್ನು ನೆಲಕ್ಕೆ ಊರಿ, ಹಿಂದಿನ ಜಾಕ್‌ಗಳನ್ನು ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡವಾಗಿ ಮರದ ದಿಮ್ಮಿ ಕೊಡಬೇಕು. ಎತ್ತಿದ ಬಕೆಟ್ಟಿನ ಅಥವಾ ತೋಳಿನ ಕೆಳಗೆ ಯಾರೂ ತೂರಬಾರದು.

ಗಾಳಿ ತೆಗೆಯುವ ನಿಪ್ಪಲನ್ನು ಒರೆಸಿ, ಅದಕ್ಕೆ ಪಾರದರ್ಶಕ ಕೊಳವೆಯನ್ನು ತೊಡಿಸಿ, ಕೊಳವೆಯ ಇನ್ನೊಂದು ತುದಿಯನ್ನು ಸ್ವಲ್ಪ ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬನು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬನು ನಿಪ್ಪಲನ್ನು ಸಡಿಲಿಸಿದಾಗ ಎಣ್ಣೆಯೊಡನೆ ಗುಳ್ಳೆಗಳು ಬರುತ್ತವೆ. ನಿಪ್ಪಲನ್ನು ಬಿಗಿ ಮಾಡಿದ ಮೇಲೆಯೇ ಪೆಡಲನ್ನು ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಗುಳ್ಳೆಗಳು ನಿಲ್ಲುವವರೆಗೆ ಹೀಗೆ ಮಾಡಿ, ಇನ್ನೊಂದು ಕಡೆಯಲ್ಲಿಯೂ ಇದನ್ನೇ ಮಾಡಬೇಕು. ನಡುನಡುವೆ ಡಬ್ಬಿಯ ಎಣ್ಣೆ ನೋಡುತ್ತಿರಬೇಕು. ಡಬ್ಬಿ ಬರಿದಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಯಾವ ಕಡೆ ಮೊದಲು, ಪೆಡಲುಗಳ ಚಿಲಕ ಹಾಕಬೇಕೆ ಬಿಡಬೇಕೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುವುದರಿಂದ ಕೈಪಿಡಿಯನ್ನು ಅನುಸರಿಸುವುದು.

ಬಸಿದ ಎಣ್ಣೆಯನ್ನು ಪುನಃ ಡಬ್ಬಿಗೆ ಹಾಕಬಾರದು. ಗದ್ದೆಯ ಕಾಲುವೆಗೂ ಸುರಿಯಬಾರದು. ಅದೇ ನೀರನ್ನು ಮುಂದಿನ ಊರಿನ ದನಕರುಗಳು ಕುಡಿಯುತ್ತವೆ. ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಇಳಿಜಾರು ಮತ್ತು ನಿಲುಗಡೆ

ಮಂಡ್ಯದ ನೀರಾವರಿ ಬಯಲಿಗೆ ಹೋಲಿಸಿದರೆ ಮಳವಳ್ಳಿಯ ಕಡೆ ನೆಲ ಏರುತಗ್ಗಿನದು. ಹಲಗೂರಿನಿಂದ ಮುತ್ತತ್ತಿಗೆ ಕಾಡಿನ ನಡುವೆ ಇಳಿಯುವ ರಸ್ತೆಯಂಥ ಕಡೆ ಬ್ರೇಕಿನ ನಿಜವಾದ ಪರೀಕ್ಷೆಯಾಗುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವುದು ಅತ್ಯಂತ ಅಪಾಯಕರ. ಪೆಡಲಿನ ಮೇಲೆ ಸದಾ ಕಾಲಿಟ್ಟು ಇಳಿಯುವುದೂ ತಪ್ಪು; ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು ಆರಲು ಅವಕಾಶ ಕೊಡಬೇಕು.

ನಿಲ್ಲಿಸುವ ವಿಷಯದಲ್ಲಿ ಟ್ರ್ಯಾಕ್ಟರಿನ ಅಭ್ಯಾಸ ಇಲ್ಲಿ ನಡೆಯದು. ಟ್ರ್ಯಾಕ್ಟರನ್ನು ಗೇರಿನಲ್ಲಿ ಹಾಕಿ ಎಂಜಿನ್ ಆರಿಸಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಹೆಚ್ಚಿನ ಜೆ.ಸಿ.ಬಿ.ಗಳಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆಯ ಜೋಡಣೆ ಇದೆ. ಎಂಜಿನ್ ನಿಂತ ಮೇಲೆ ಅದು ಚಕ್ರವನ್ನು ಹಿಡಿದಿಡುವುದಿಲ್ಲ; ಗೇರಿನಲ್ಲಿದ್ದರೂ ಯಂತ್ರ ಉರುಳುತ್ತದೆ. ಆದ್ದರಿಂದ ಕೆರೆಯ ಕಟ್ಟೆಯ ಮೇಲಾಗಲಿ, ಮನೆಯ ಮುಂದಾಗಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬಕೆಟ್ಟನ್ನು ನೆಲಕ್ಕೆ ಊರಿ, ಕೀಲಿಕೈ ತೆಗೆದುಕೊಂಡೇ ಇಳಿಯತಕ್ಕದ್ದು. ಇಳಿಜಾರಾದರೆ ಚಕ್ರಕ್ಕೆ ಕಲ್ಲು ಕೊಡಬೇಕು. ಒಂದು ಲೋಟ ಕಾಫಿಗೆಂದು ಇಳಿದಾಗಲೂ ಈ ಕ್ರಮ ತಪ್ಪಬಾರದು. ಹ್ಯಾಂಡ್ ಬ್ರೇಕು ನಿಂತ ಯಂತ್ರವನ್ನು ಹಿಡಿದಿಡಲು ಇರುವಂಥದು. ಓಡುವಾಗ ವೇಗ ತಗ್ಗಿಸಲು ಅದನ್ನು ಬಳಸುತ್ತ ಬಂದರೆ, ಅವಶ್ಯವಾದಾಗ ಅದು ಕೆಲಸಕ್ಕೆ ಬಾರದು.

ಬ್ರೇಕು ತಪ್ಪಿದಾಗ

ಓಡುವಾಗ ಬ್ರೇಕು ಹಿಡಿಯದೆ ಹೋದರೆ ಧೈರ್ಯಗೆಡಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಪೆಡಲುಗಳನ್ನು ಬೇಗ ಬೇಗ ಕೆಲವು ಸಲ ಒತ್ತಿ ನೋಡಬೇಕು. ಒತ್ತಡ ಸ್ವಲ್ಪ ಮರಳಬಹುದು. ನ್ಯೂಟ್ರಲ್ ಮಾಡಬಾರದು, ಎಂಜಿನ್ ಆರಿಸಬಾರದು. ಸಾಧ್ಯವಾದರೆ ಕೆಳಗಿನ ಗೇರಿಗೆ ತಂದು, ಹಾರ್ನ್ ಮಾಡುತ್ತ, ಹ್ಯಾಂಡ್ ಬ್ರೇಕನ್ನು ಹಂತಹಂತವಾಗಿ ಎಳೆಯಬೇಕು. ಏರು ನೆಲ ಅಥವಾ ಉತ್ತ ಹೊಲ ಸಿಕ್ಕಿದರೆ ಆ ಕಡೆಗೆ ತಿರುಗಿಸಬಹುದು. ಕೊನೆಯ ಉಪಾಯವಾಗಿ ಮುಂದಿನ ಬಕೆಟ್ಟನ್ನು ನಿಧಾನವಾಗಿ ನೆಲಕ್ಕೆ ತಾಗಿಸಬಹುದು. ಒಮ್ಮೆಗೇ ಊರಿದರೆ ಯಂತ್ರ ಎಗರಿ ಚಾಲಕನಿಗೇ ಪೆಟ್ಟಾಗುತ್ತದೆ. ಆದ್ದರಿಂದ ಸೀಟಿನ ಪಟ್ಟಿ ಸದಾ ಕಟ್ಟಿರಬೇಕು. ಹೀಗೆ ನಿಲ್ಲಿಸಿದ ಯಂತ್ರವನ್ನು ದುರಸ್ತಿಯಾಗುವವರೆಗೆ ಮತ್ತೆ ಓಡಿಸಲಾಗದು. ಹ್ಯಾಂಡ್ ಬ್ರೇಕನ್ನೂ ಪರೀಕ್ಷೆ ಮಾಡಿಸಬೇಕು.

ಬಾಡಿಗೆಗೆ ಕರೆಸುವ ರೈತನ ಜವಾಬ್ದಾರಿ

ಯಂತ್ರದ ಮಾಲೀಕರಿಗಿಂತ ಅದನ್ನು ಬಾಡಿಗೆಗೆ ಕರೆಸುವ ರೈತರೇ ಹೆಚ್ಚು. "ಬ್ರೇಕು ಅವರ ವಿಷಯ, ನಮಗೇಕೆ" ಎನ್ನುವಂತಿಲ್ಲ. ಯಂತ್ರ ಉರುಳಿದರೆ ಉರುಳುವುದು ರೈತನ ಜಮೀನಿನಲ್ಲಿ, ಎದುರಿಗೆ ಇರುವವರು ಅವನ ಮನೆಯವರು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವಾಗ ಆಪರೇಟರಿಗೆ ಬೆಳಗಿನ ಐದು ನಿಮಿಷವನ್ನು ಕೊಡದೆ ಅವಸರ ಪಡಿಸುವುದು ನಷ್ಟದ ವ್ಯಾಪಾರ.

ಕೆಲಸ ಆರಂಭವಾಗುವ ಮೊದಲು ರೈತನು ಮೂರು ಮಾತು ಕೇಳಬಹುದು. ಬ್ರೇಕು ಒಂದೇ ಒತ್ತಿಗೆ ಹಿಡಿಯುತ್ತದೆಯೇ? ಹ್ಯಾಂಡ್ ಬ್ರೇಕು ಕೆಲಸ ಮಾಡುತ್ತದೆಯೇ? ಯಂತ್ರಕ್ಕೆ ವಿಮೆ ಇದೆಯೇ? ಸಮತಟ್ಟು ನೆಲದಲ್ಲಿ ಒಮ್ಮೆ ನಿಲ್ಲಿಸಿ ತೋರಿಸಿ ಎನ್ನುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಆಪರೇಟರು ಇದಕ್ಕೆ ಬೇಸರ ಪಡುವುದಿಲ್ಲ. ನಾಲೆಯ ಅಂಚಿನಲ್ಲಿ ಎಲ್ಲಿ ಏರಿ ಕುಸಿದಿದೆ, ಎಲ್ಲಿ ನೆಲ ಪೊಳ್ಳಾಗಿದೆ ಎಂಬುದು ರೈತನಿಗೆ ಮಾತ್ರ ಗೊತ್ತು; ಅದನ್ನು ಮೊದಲೇ ತೋರಿಸಿಕೊಡಬೇಕು. ಯಂತ್ರ ನೋಡಲು ಸೇರುವ ಮಕ್ಕಳನ್ನು ದೂರ ಕಳುಹಿಸಬೇಕು. ಚಾಲಕನಿಗೆ ಹಿಂದುಗಡೆ ಆಟವಾಡುವ ಮಗು ಕಾಣದು.

ವಿಸ್ತರಣಾ ಕಾರ್ಯಕರ್ತರು ಕೃಷಿ ಹೊಂಡ, ಬದು ನಿರ್ಮಾಣದ ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸುವಾಗ ಈ ಬ್ರೇಕ್ ತಪಾಸಣೆಯನ್ನೂ ಮೊದಲ ಅಂಶವಾಗಿ ಸೇರಿಸಿದರೆ ಸ್ಥಳೀಯ ಆಪರೇಟರುಗಳಿಗೂ ತಿಳಿವಳಿಕೆ ದೊರೆಯುತ್ತದೆ.

ರೈತ ಬಾಂಧವರೆ, ನಾಲೆಗೆ ನೀರು ಬಿಡುವ ದಿನ ಹತ್ತಿರವಾದಾಗ ಒಂದು ದಿನದ ಕೆಲಸ ತಪ್ಪುವುದು ದೊಡ್ಡ ನಷ್ಟವೆಂದು ತೋರುವುದು ಸಹಜ. ಆದರೆ ತಪ್ಪಿದ ನಾಟಿಯನ್ನು ಒಂದು ವಾರ ತಡವಾಗಿ ಮಾಡಬಹುದು, ಕೆಟ್ಟ ಸೀಲನ್ನು ಒಂದು ದಿನದಲ್ಲಿ ಬದಲಾಯಿಸಬಹುದು, ಹೋದ ಜೀವವನ್ನು ತರಲಾಗದು. ಪೆಡಲ್ ನಿನ್ನೆಯಂತೆ ಇಂದು ಇಲ್ಲ ಎಂದು ಕಾಲಿಗೆ ತಿಳಿದ ಕೂಡಲೇ ಯಂತ್ರ ನಿಲ್ಲಿಸಿ, ಸರಿಪಡಿಸಿ, ಆಮೇಲೆ ಕೆಲಸ ಮುಂದುವರಿಸಿ.